ಡೀಮೋಸಿನ ಸರ್ವೆ ಸಾಹೇಬರು

ಸರ್ವೆ ಸಾಹೇಬರು ತೀರಿಕೊಂಡ ಸುದ್ದಿ ನ್ಯಾಮತಿಗೆ ಬಂದ ಮರುದಿನ ನನ್ನ ಅಂಗಡಿಗೆ ಮೊದಲು ಬಂದವರು ಗೋವಿನಕೋವಿಯ ಒಬ್ಬ ಹಿರಿಯ ರೈತರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಳ್ಳೆ ಮನುಷ್ಯ, ಬಾಯಿ ಜೋರು, ಆದರೆ ಹೊಟ್ಟೆಯಲ್ಲಿ ಏನೂ ಇಟ್ಟುಕೊಂಡವರಲ್ಲ ಎಂದು ಒಂದಷ್ಟು ಹೊತ್ತು ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, ದನಿ ತಗ್ಗಿಸಿ ಕೇಳಿದರು: "ಅಲ್ಲವ್ವ, ಅವರು ನನಗೆ ಮೇಲೊಂದು ಹೊಲ ಅಳದು ಕೊಟ್ಟಿದ್ರಲ್ಲ. ಇನ್ನು ಮುಂದೆ ಅದನ್ನ ಯಾರು ನೋಡ್ಕೋತಾರೆ?"

ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ನನಗೆ ಆಗ ನಗುವಾಗಿ ಬಂತು. ಸಾಹೇಬರು ಇದ್ದಿದ್ದರೆ ಈ ಪ್ರಶ್ನೆಗೆ ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದರು. ಏಕೆಂದರೆ ಅವರು ಅಳೆದುಕೊಟ್ಟ ಆ ಹೊಲ ಇರುವುದು ಮಂಗಳ ಗ್ರಹವನ್ನು ಸುತ್ತುವ ಡೀಮೋಸ್ ಎಂಬ ಪುಟ್ಟ ಚಂದ್ರನ ಮೇಲೆ, ಅದೂ ನನ್ನ ಅಂಗಡಿಯ ಮೂಲೆ ಕಂಪ್ಯೂಟರಿನೊಳಗೆ.

ನನ್ನದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಭೌತಶಾಸ್ತ್ರ ಓದಿದ ಹುಡುಗಿ ಪಹಣಿ ಪ್ರಿಂಟು ತೆಗೆಯುತ್ತ ಕೂತಳಲ್ಲ ಎಂದು ನೆಂಟರು ಮರುಗುತ್ತಾರೆ. ಮರುಗಲಿ, ಅವರ ಮರುಕದಿಂದ ಟೋನರ್ ತುಂಬುವುದಿಲ್ಲ. ಸರ್ವರ್ ಬಿದ್ದು ಇಡೀ ತಾಲ್ಲೂಕು ಆಕಳಿಸುವ ಮಧ್ಯಾಹ್ನಗಳಲ್ಲಿ ನಾನು ಬಾಹ್ಯಾಕಾಶಕ್ಕೆ ಹೋಗಿ ಬರುತ್ತೇನೆ. ರಾಕೆಟ್ಟು ಹಾರಿಸುವುದನ್ನು ಕಲಿಸುವ ಒಂದು ಸಿಮ್ಯುಲೇಟರ್ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಪುಕ್ಕಟೆ ಬಿಟ್ಟಿದ್ದಾರೆ. ಆಟವಲ್ಲ ಅದು. ಸೂರ್ಯ, ಗ್ರಹ, ಚಂದ್ರ ಎಲ್ಲವೂ ನಿಜದ ಲೆಕ್ಕದಲ್ಲೇ ತಿರುಗುತ್ತವೆ, ನಿಜದ ಲೆಕ್ಕದಲ್ಲೇ ನಮ್ಮನ್ನು ಬೀಳಿಸುತ್ತವೆ.

ಅಂಥದೊಂದು ಮಧ್ಯಾಹ್ನ ಸಾಹೇಬರು ತಾವಿನ್ನೂ ಬದುಕಿರುವುದನ್ನು ಬೆರಳೊತ್ತಿ ಪಿಂಚಣಿ ಇಲಾಖೆಗೆ ತಿಳಿಸಲು ಬಂದಿದ್ದರು. ಬೆರಳೊತ್ತುವ ಯಂತ್ರ ಅವರನ್ನು ಒಪ್ಪಲಿಲ್ಲ. ಜೀವಮಾನವೆಲ್ಲ ಅಳತೆಯ ಸರಪಳಿ ಎಳೆದು ಅವರ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಕೈ ತೊಳೆದು ಒರೆಸಿಕೊಂಡು ಕೂತಿರಿ, ಆಮೇಲೆ ನೋಡೋಣ ಎಂದೆ. ಕೂತರು. ಕೂತವರು ಸುಮ್ಮನಿರಬೇಕಲ್ಲ. ನನ್ನ ಪರದೆ ನೋಡಿ, ಇದು ಯಾವ ಊರು ಎಂದರು. ಡೀಮೋಸ್, ಮಂಗಳನ ಸಣ್ಣ ಚಂದ್ರ, ಈ ತುದಿಯಿಂದ ಆ ತುದಿಗೆ ನ್ಯಾಮತಿಯಿಂದ ಸವಳಂಗಕ್ಕೆ ಹೋದಷ್ಟೇ ದೂರ ಎಂದೆ. ಅವರು ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಇದಕ್ಕೆ ಪೋಡಿ ಆಗೈತಾ?" ಎಂದರು.

ಪೋಡಿ ಎಂದರೆ ಜಮೀನನ್ನು ಅಳೆದು, ಪಾಲು ಮಾಡಿ, ನಂಬರು ಕೊಡುವುದು. ಚಂದ್ರನಿಗೆ ಅದಾಗಿರಲಿಲ್ಲ. ಅವತ್ತು ಅವರು ಬೆರಳೊತ್ತುವುದನ್ನು ಮರೆತು ಮನೆಗೆ ಹೋದರು. ಮರುದಿನ ಬಾಗಿಲು ತೆರೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಅವರನ್ನು ಸರ್ವೆ ಸಾಹೇಬರು ಎಂದೇ ಎಲ್ಲರೂ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಭೂಮಾಪಕರಾಗಿ ಚನ್ನಗಿರಿಯಲ್ಲಿ ಅಡಿಕೆ ತೋಟ ಅಳೆದರು, ಹೊನ್ನಾಳಿಯಲ್ಲಿ ಗದ್ದೆ ಅಳೆದರು, ಕೊನೆಗೆ ನ್ಯಾಮತಿಗೆ ಬಂದು ನಿವೃತ್ತರಾಗಿ, ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟರು. ನಿವೃತ್ತಿಯಾದದ್ದು ಕಾಗದದ ಮೇಲೆ ಮಾತ್ರ, ಕಣ್ಣಿಗೆ ಆಗಿರಲಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಎದುರಿಗಿದ್ದದ್ದು ನೆಟ್ಟಗಿದೆಯೋ ಓರೆಯಿದೆಯೋ ಎಂದು ನೋಡುವುದು ಅವರ ಚಟ. ನನ್ನ ಅಂಗಡಿಯ ಬೋರ್ಡು ಓರೆ, ಜೆರಾಕ್ಸ್ ಓರೆ, ಒಂದು ಸಲ ಮದುವೆ ಮನೆಯಲ್ಲಿ ಅಕ್ಷತೆ ಹಿಡಿದುಕೊಂಡೇ ಮಂಟಪ ಓರೆ ಎಂದು ಹುಡುಗಿಯ ಅಪ್ಪನಿಗೆ ಹೇಳಿ ಬಂದಿದ್ದರು. ಊಟಕ್ಕೆ ಕೂತರೆ ಎಲೆಯ ಮೇಲೆ ಅನ್ನದ್ದೊಂದು ಬದು. ಸಾರು ಆ ಬದು ದಾಟಿದರೆ ಬಡಿಸುವವನನ್ನು ಕರೆದು, "ನೋಡಪ್ಪ, ಸಾರು ಪಾಯಸದ ಜಾಗಕ್ಕೆ ಒತ್ತುವರಿ ಮಾಡೈತೆ" ಎನ್ನುತ್ತಿದ್ದರು. ಅವರ ಹೆಂಡತಿ ನನ್ನ ಹತ್ತಿರ ಬಂದು, ಮನೆಯಲ್ಲಿದ್ದರೆ ಹಾಸಿಗೆ ಬಟ್ಟೆಯನ್ನೂ ಅಳೆಯುತ್ತಾರೆ, ದಯಮಾಡಿ ನಿನ್ನ ಅಂಗಡಿಯಲ್ಲೇ ಇಟ್ಟುಕೋ ತಾಯಿ ಎಂದು ಕೈಮುಗಿದು ಹೋದರು.

ಅವರದೊಂದು ಮಾತು ನಾಲ್ಕು ತಾಲ್ಲೂಕಿಗೂ ಗೊತ್ತಿತ್ತು. ರೈತರು ಜಗಳಕ್ಕೆ ನಿಂತಾಗ, ನಮ್ಮಜ್ಜ ಉಳುತ್ತಿದ್ದದ್ದು ಇಲ್ಲಿಯವರೆಗೆ, ಈ ಮರದವರೆಗೆ ಎಂದಾಗ, ಸಾಹೇಬರು ಮಡಿಸಿದ ನಕ್ಷೆ ಬಿಚ್ಚಿ ಹೇಳುತ್ತಿದ್ದದ್ದು ಅದನ್ನೇ: "ನಕ್ಷೆ ಸುಳ್ಳು ಹೇಳಲ್ಲಪ್ಪ. ನೆಲ ಸುಳ್ಳು ಹೇಳತೈತೆ."

ಡೀಮೋಸಿನ ಮೇಲೆ ಇಳಿಯುವುದು ಅವರಿಗೆ ಸುಲಭವಾಗಲಿಲ್ಲ. ಅಲ್ಲಿ ಸೆಳೆತ ಇದೆಯೋ ಇಲ್ಲವೋ ಎನ್ನುವಷ್ಟು. ಸೈಕಲ್ಲನ್ನು ಸ್ವಲ್ಪ ಜೋರಾಗಿ ತುಳಿದರೆ ನೆಲ ಬಿಟ್ಟು ಹೋದವರು ಮತ್ತೆ ವಾಪಸು ಬರುವುದಿಲ್ಲ. ಸಾಹೇಬರೋ ನಿಲ್ಲುವ ಮುಂಚೆಯೇ ಬಸ್ಸಿನಿಂದ ಧುಮುಕುವ ಜಾತಿಯವರು. ನೌಕೆಯನ್ನು ಧಡ್ಡನೆ ಇಳಿಸುತ್ತಿದ್ದರು. ಅದು ನೆಲ ಮುಟ್ಟಿ ಪುಟಿದು ಆಕಾಶಕ್ಕೆ ಹೊರಟುಹೋಗುತ್ತಿತ್ತು. ಇದೇನು ನೆಲವೋ ರಬ್ಬರೋ ಎಂದು ಮೌಸಿಗೆ ಬೈಯುತ್ತಿದ್ದರು. ನೆಲಕ್ಕೆ ಹೋಗಬೇಡಿ, ನೆಲವೇ ನಿಮ್ಮ ಹತ್ತಿರ ಬರಲಿ ಬಿಡಿ ಎಂದು ನಾನು ಹೇಳಿಕೊಟ್ಟೆ. ಕಾಯುವುದು ಅವರ ಜಾತಕದಲ್ಲೇ ಇರಲಿಲ್ಲ. ಆದರೂ ಒಂದು ದಿನ ನೌಕೆ ನೆಲದ ಮೇಲೆ ನಿಂತೇ ನಿಂತಿತು. ಆ ದಿನ ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತಿದ್ದವರಿಗೆಲ್ಲ ಸಾಹೇಬರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ಏತಕ್ಕೆಂದು ಯಾರೂ ಕೇಳಲಿಲ್ಲ. ಮೆಣಸಿನಕಾಯಿ ಬಿಸಿಯಾಗಿತ್ತು.

ನೌಕೆ ನಿಂತ ಜಾಗಕ್ಕೆ ಅವರು ಇಟ್ಟ ಹೆಸರು ಸೊಕ್ಕೆ. ಆ ತಂತ್ರಾಂಶದಲ್ಲಿ ನೆಲಕ್ಕೆ ಗುರುತು ಹಾಕಿ ಹೆಸರು ಬರೆಯುವ ಸೌಲಭ್ಯ ಇದೆ. ಅದನ್ನು ಅವರಿಗೆ ತೋರಿಸಿದ್ದೇ ತಡ, ಇಡೀ ಚಂದ್ರನ ಅಳತೆ ಶುರುವಾಯಿತು. ಸೊಕ್ಕೆಯನ್ನು ಮೂಲವಾಗಿಟ್ಟುಕೊಂಡು ದಿನವೂ ಊಟವಾದ ಮೇಲೆ ಬಂದು ನೆಲದ ಮೇಲೆ ತೇಲುತ್ತ ಗುರುತು ಹಾಕಿದರು. ಆಗ ನಮ್ಮ ತಂತ್ರಾಂಶದಲ್ಲಿದ್ದ ಡೀಮೋಸ್ ಚೆಂಡಿನಂತೆ ದುಂಡಗೆ, ನುಣ್ಣಗೆ ಇತ್ತು. ಮಾಡಿದವರು ಅದರ ಚಿತ್ರವನ್ನು ದುಂಡು ಗೋಲಕ್ಕೆ ಅಂಟಿಸಿ ಕೈ ತೊಳೆದುಕೊಂಡಿದ್ದರು. ಗುಂಡಿಗಳು ಕೂಡ ಬರೀ ಬಣ್ಣದ ಗುಂಡಿಗಳು. ನಿಜವಾದ ಡೀಮೋಸ್ ಹೀಗಿಲ್ಲ ಎಂದು ನಾನು ಒಂದೆರಡು ಸಲ ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಟ್ಟವಿಲ್ಲ, ಹಳ್ಳವಿಲ್ಲ, ಜಾಲಿಮುಳ್ಳಿಲ್ಲ, ಹಿಂದೆ ಹಿಂದೆ ಕಿರುಚಿಕೊಂಡು ಬರುವ ಅಣ್ಣತಮ್ಮಂದಿರಿಲ್ಲ. ಸರ್ವೆ ಮಾಡಿದರೆ ಇಂಥಾ ಜಮೀನು ಮಾಡಬೇಕು ಎನ್ನುತ್ತಿದ್ದರು.

ಹಂಚಿಕೆಯಲ್ಲಿ ಅವರ ಅನುಭವವೆಲ್ಲ ಕಾಣುತ್ತಿತ್ತು. ನೌಕರಿಯಲ್ಲಿ ತಮ್ಮನ್ನು ಕಾಡಿದ ಕಕ್ಷಿದಾರರಿಗೆಲ್ಲ ಒಂದೊಂದು ಹೊಲ ಕೊಟ್ಟರು. ಜಗಳವಾಡಿದ ಇಬ್ಬರಿಗೆ ಚಂದ್ರನ ಆ ಮಗ್ಗುಲಲ್ಲೊಂದು, ಈ ಮಗ್ಗುಲಲ್ಲೊಂದು. ಒಬ್ಬರ ಮುಖ ಒಬ್ಬರು ಕಾಣಬಾರದು. ಪ್ರತಿ ಹೊಲದ ಸುತ್ತಲೂ ಬಂಡಿ ದಾರಿ ಬಿಟ್ಟರು. ಭೂಮಿಯ ಮೇಲಿನ ಅರ್ಧ ವ್ಯಾಜ್ಯ ದಾರಿಯದ್ದೇ ಎಂಬುದು ಅವರ ಸಿದ್ಧಾಂತ. ಕೊನೆಗೆ ನೋಡಿದರೆ ಡೀಮೋಸಿನಲ್ಲಿ ಹೊಲಕ್ಕಿಂತ ದಾರಿಯೇ ಜಾಸ್ತಿಯಾಗಿತ್ತು.

ಸುದ್ದಿ ಹರಡದೇ ಇರುತ್ತದೆಯೇ. ಮೊದಲು ಹೇಳಿದೆನಲ್ಲ, ಆ ಗೋವಿನಕೋವಿಯವರು ಒಂದು ದಿನ ತಮ್ಮ ಪಕ್ಕದ ಹೊಲದವರ ಜೊತೆಯಲ್ಲೇ ಅಂಗಡಿಗೆ ಬಂದರು. ಬದುವಿನ ಮೇಲೆ ಹಳೇ ವೈರ ಅವರಿಬ್ಬರದು, ಮಾತಿಲ್ಲ. ಅವತ್ತು ಮಾತ್ರ ಒಂದೇ ಬೈಕಿನಲ್ಲಿ ಬಂದಿದ್ದರು. ನಮ್ಮ ಹೊಲ ತೋರಿಸಿ ಎಂದರು. ತೋರಿಸಿದೆ. ತಕ್ಷಣ ತಕರಾರು ಶುರು. ಡೀಮೋಸ್ ಯಾವಾಗಲೂ ಒಂದೇ ಮುಖವನ್ನು ಮಂಗಳನ ಕಡೆ ತಿರುಗಿಸಿಕೊಂಡಿರುತ್ತದೆ. ಒಬ್ಬರ ಹೊಲದಿಂದ ನೋಡಿದರೆ ಕೆಂಪಗೆ ದೊಡ್ಡ ಮಂಗಳ, ಇನ್ನೊಬ್ಬರ ಹೊಲದಿಂದ ಬರೀ ಕತ್ತಲು. ಅವನಿಗೆ ಬಾಗಿಲ ಮುಂದೆ ದೀಪದ ಕಂಬ ಕೊಟ್ಟು ನನ್ನನ್ನು ಕತ್ತಲಲ್ಲಿ ಕೂರಿಸಿದ್ದೀರಿ, ಇದ್ಯಾವ ನ್ಯಾಯ ಎಂದು ಎರಡನೆಯವರು ಮೇಜು ಕುಟ್ಟಿದರು. ಅಲ್ಲಿ ಯಾರೂ ಇಲ್ಲ, ಇದು ಕಂಪ್ಯೂಟರು ಎಂದು ನಾನು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಸಾಹೇಬರು ಕೆರೆ ನೀರಿಗೆ ಸರದಿ ಇರುವ ಹಾಗೆ ಮಂಗಳಕ್ಕೂ ಸರದಿ ಮಾಡಿದರು. ಒಂದು ವರ್ಷ ಇವರು ಬೆಳಕಿನ ಕಡೆ, ಮರುವರ್ಷ ಅವರು. ಇಬ್ಬರೂ ಒಪ್ಪಿ, ಎದುರಿನ ಹೋಟೆಲಲ್ಲಿ ಒಟ್ಟಿಗೆ ಚಹಾ ಕುಡಿದು ಹೋದರು. ತಾವು ಮುಗಿಸಿದ ಕೇಸಿನಲ್ಲಿ ಎರಡೂ ಕಡೆಯವರು ಕೂಡಿ ಚಹಾ ಕುಡಿದದ್ದು ಇದೇ ಮೊದಲು ಎಂದು ಸಾಹೇಬರು ಆ ದಿನವೆಲ್ಲ ಮೀಸೆ ಸವರಿಕೊಂಡರು.

ಹೀಗೆ ಊರಿಗೆಲ್ಲ ಹೊಲ ಹಂಚಿದವರು ಒಬ್ಬರಿಗೆ ಮಾತ್ರ ಕೊಟ್ಟಿರಲಿಲ್ಲ. ಸ್ವಂತ ತಮ್ಮನಿಗೆ.

ಅದರ ಕಥೆ ನನಗೆ ತುಂಡು ತುಂಡಾಗಿ ತಿಳಿಯಿತು. ಅಪ್ಪ ಹೋದ ಮೇಲೆ ಸೊಕ್ಕೆಯ ಹೊಲವನ್ನು ಸಾಹೇಬರೇ ರಜೆ ಹಾಕಿ ಅಳೆದರು. ಬೇರೆಯವರ ಅಳತೆಯ ಮೇಲೆ ಅವರಿಗೆ ನಂಬಿಕೆ ಇಲ್ಲ. ಅಳೆದಾಗ ಹೊಲದ ನಡುವಿನ ಬೇವಿನ ಮರ ಇವರ ಪಾಲಿಗೆ ಬಂತು. ಇಬ್ಬರ ಪಾಲಿನ ಗಡಿಯೆಂದು ಅಪ್ಪ ಉತ್ತ ಸಾಲು ಮರದ ಆಚೆಗಿತ್ತು, ಆ ಲೆಕ್ಕದಲ್ಲಿ ಮರ ತನ್ನದು ಎಂದು ತಮ್ಮ ಹೇಳಿದ. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಅನ್ನದ ಚರಗ ಚೆಲ್ಲುವಾಗ ಅವ್ವ ಎಡೆ ಇಡುತ್ತಿದ್ದದ್ದು ಆ ಮರದ ಬುಡದಲ್ಲೇ, ಈಗ ಇಡುತ್ತಿರುವವಳು ತನ್ನ ಹೆಂಡತಿ ಎಂದ. ಅಣ್ಣ ಒಂದು ಮಾತೂ ಕೇಳಲಿಲ್ಲ. ನಕ್ಷೆ ಬಿಚ್ಚಿ ಅದೇ ಮಾತು ಹೇಳಿ, ಮರದ ಪಕ್ಕದಲ್ಲೇ ಬಾಂದಿನ ಕಲ್ಲು, ಅಂದರೆ ಗಡಿ ಕಲ್ಲು, ನೆಟ್ಟು ಬಸ್ಸು ಹತ್ತಿದರು. ಮುಂದಿನ ಸಲ ಹೋದಾಗ ಕಲ್ಲು ಇದ್ದ ಜಾಗದಲ್ಲಿ ಗುಂಡಿ ಇತ್ತು. ಕಲ್ಲು ತಮ್ಮನ ಹಿತ್ತಲಲ್ಲಿತ್ತು. ಅದರ ಮೇಲೆ ತಮ್ಮನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು.

ಕೊಲೆ ಮಾಡಿದ್ದರೂ ಸಾಹೇಬರು ಕ್ಷಮಿಸುತ್ತಿದ್ದರೇನೋ. ಬಾಂದಿನ ಕಲ್ಲು ಕಿತ್ತವನನ್ನು ಹೇಗೆ ಕ್ಷಮಿಸುವುದು. ಅಂದಿನಿಂದ ಸೊಕ್ಕೆಗೆ ಕಾಲಿಡಲಿಲ್ಲ. ಹಬ್ಬಕ್ಕೆ ಹೋಗಲಿಲ್ಲ, ತಮ್ಮನ ಮಗಳ ಮದುವೆಗೆ ಹೋಗಲಿಲ್ಲ. ತಮ್ಮನಿಗೂ ಒಂದು ಹೊಲ ಹಾಕಿ ಸಾರ್ ಎಂದು ನಾನು ಒಂದು ಸಲ ತಮಾಷೆಗೆ ಅಂದೆ. "ಕಲ್ಲು ಕೀಳೋನಿಗೆ ಚಂದ್ರನ ಮ್ಯಾಲೂ ಜಾಗ ಇಲ್ಲ" ಎಂದರು. ಮುಖದಲ್ಲಿ ತಮಾಷೆ ಇರಲಿಲ್ಲ. ಹಾಗಾದರೆ ನೌಕೆ ನಿಂತ ಜಾಗಕ್ಕೆ ಸೊಕ್ಕೆ ಎಂದು ಯಾಕೆ ಹೆಸರಿಟ್ಟಿರಿ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆ ವಯಸ್ಸಿನವರಿಗೆ ಊರು ಬೇಕಾಗಿತ್ತು, ಹಟ ಬಿಡಲು ಬರುತ್ತಿರಲಿಲ್ಲ.

ಆಮೇಲೆ ಹೊಸ ಡೀಮೋಸ್ ಬಂತು. ಅದೇ ತಂತ್ರಾಂಶ ಬಳಸುವ ಯಾರೋ ಆಸಕ್ತರು, ನೌಕೆಗಳು ತೆಗೆದ ಫೋಟೋಗಳನ್ನು ಹೊಂದಿಸಿ, ಉಬ್ಬುತಗ್ಗು ಸಮೇತ ಚಂದ್ರನನ್ನು ಹೊಸದಾಗಿ ಮಾಡಿ ಬಿಟ್ಟಿದ್ದರು. ನಾನು ಹೇಳಿದ್ದು ಅಷ್ಟೆ. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಹೊಸ ಸರ್ವೆ ಬಂದ ಮೇಲೆ ಹಳೇ ನಕ್ಷೆ ಇಟ್ಟುಕೊಳ್ಳುವುದು ಅಪರಾಧ, ಈಗಲೇ ಹಾಕು ಎಂದರು. ನಿಮ್ಮ ಗುರುತುಗಳು ಏನಾಗುತ್ತವೋ ಗೊತ್ತಿಲ್ಲ, ಯೋಚನೆ ಮಾಡಿ ಎಂದೆ. ಅಳತೆ ಸರಿಯಿದ್ದರೆ ಗುರುತು ಯಾಕೆ ಹೋಗುತ್ತದೆ ಎಂದು ನನಗೇ ಪಾಠ ಹೇಳಿದರು.

ಹಾಕಿದೆ. ಪರದೆಯ ಮೇಲೆ ಬಂದದ್ದು ಚೆಂಡಲ್ಲ, ಕಟ್ಟಲು ಬಾರದವರು ಕಟ್ಟಿದ ರಾಗಿ ಮುದ್ದೆ. ಒಂದು ಮಗ್ಗುಲು ಉಬ್ಬಿ, ಇನ್ನೊಂದು ಮಗ್ಗುಲು ತಗ್ಗಿ, ಕೆಳಗಡೆ ಯಾರೋ ಕಚ್ಚಿ ತಿಂದಂತೆ ಒಂದು ದೊಡ್ಡ ತಗ್ಗು. ಗೋವಿನಕೋವಿಯವರ ಹೊಲದ ಗುರುತು ಕಾಣಲಿಲ್ಲ, ಉಬ್ಬಿದ ನೆಲದ ಒಳಗೆ ಹೂತುಹೋಗಿತ್ತು. ಚನ್ನಗಿರಿ, ಹೊನ್ನಾಳಿಯವರ ಹೊಲಗಳೆಲ್ಲ ಗುಡ್ಡದ ಹೊಟ್ಟೆಯೊಳಗೆ. ಬಂಡಿ ದಾರಿಗಳು ಅಂತರಿಕ್ಷದಲ್ಲಿ. ಇನ್ನು ಸೊಕ್ಕೆ. ಸೊಕ್ಕೆ ಆ ದೊಡ್ಡ ತಗ್ಗಿನ ಮೇಲೆ ಬಂದಿತ್ತು. ಸಾಹೇಬರ ನೌಕೆ ಕಾಲು ಚಾಚಿಕೊಂಡು, ನೆಲದಿಂದ ಸುಮಾರು ಒಂದು ಕಿಲೋಮೀಟರ್ ಮೇಲೆ, ಗಾಳಿಯೂ ಇಲ್ಲದ ಜಾಗದಲ್ಲಿ ಠೀವಿಯಿಂದ ನಿಂತಿತ್ತು.

ನನಗೆ ಬಾಯಿ ಸುಮ್ಮನಿರಲಿಲ್ಲ. ನಕ್ಷೆ ಸುಳ್ಳು ಹೇಳಲ್ಲ ಅಲ್ಲವಾ ಸಾರ್ ಎಂದೆ.

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ತೇಲುವ ನೌಕೆಯನ್ನು ನೋಡಿದರು. ಬೆರಳು ಇಳಿಸಿದರು. ಇದು ಸರಿಹೋಗುತ್ತದೆಯಾ ಎಂದು ಕೇಳಿದರು. ಕಾಲವನ್ನು ನಿಲ್ಲಿಸಿದ್ದೇನೆ, ಬಿಟ್ಟರೆ ನೌಕೆ ತಾನಾಗಿ ಬೀಳುತ್ತದೆ, ಆದರೆ ಅಲ್ಲಿಯ ಸೆಳೆತಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ ಎಂದೆ. ಬಿಡು ಎಂದರು.

ಬಿಟ್ಟೆ. ಏನೂ ಆಗಲಿಲ್ಲ. ನಾನು ಯಾರದೋ ಆಧಾರ್ ಜೆರಾಕ್ಸ್ ಮಾಡಿಕೊಟ್ಟೆ, ಚಹಾ ತರಿಸಿದೆ, ಅವರು ಕುಡಿದರು. ನೌಕೆ ಇನ್ನೂ ಬೀಳುತ್ತಲೇ ಇತ್ತು. ಕಾಯಲು ಬಾರದ ಆ ಮನುಷ್ಯ ಆವತ್ತು ಕದಲದೆ ಕಾದರು. ಮನುಷ್ಯ ನಡೆಯುವ ವೇಗಕ್ಕಿಂತ ಒಂದಿಷ್ಟು ಜೋರಿನಲ್ಲಿ ಅದು ತಗ್ಗಿನ ತಳ ಮುಟ್ಟಿ, ಸಣ್ಣಗೆ ಪುಟಿದು, ಮತ್ತೆ ಪುಟಿದು, ಕೊನೆಗೆ ನಿಂತಿತು. ಮುರಿಯಲಿಲ್ಲ.

"ಚಂದ್ರ ಅಲ್ಲಾಡಿಲ್ಲ ಕಣವ್ವ" ಎಂದರು. "ಅದು ಮೊದಲಿಂದಾನೂ ಹಿಂಗೇ ಇತ್ತು. ನಾನೇ ಇಷ್ಟು ದಿನ ಗಾಳಿ ಮ್ಯಾಲೆ ನಿಂತ್ಕೊಂಡು ಇದು ನೆಲ ಅಂತಿದ್ದೆ."

ಆಮೇಲೆ, ಏನೋ ವ್ಯವಹಾರದ ಮಾತಿನಂತೆ, ದಾವಣಗೆರೆಯಿಂದ ಜಗಳೂರು ಕಡೆಗೆ ಕೊನೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ಹೋಗಿ ಬಂದ ಮೇಲೆ ಅಲ್ಲಿ ಏನಾಯಿತೆಂದು ಹೇಳಲೇ ಇಲ್ಲ. ನಾನು ಪೀಡಿಸಿದ್ದಕ್ಕೆ, ಆ ಬಾಂದಿನ ಕಲ್ಲು ಒಗೆದೂ ಒಗೆದೂ ಸ್ಲೇಟಿನಂತೆ ನುಣುಪಾಗಿದೆ ಎಂದಷ್ಟೇ ಹೇಳಿದರು. ಅದನ್ನು ಹೇಳುವಾಗ ಅವರಿಗೆ ಖುಷಿಯಾಗಿತ್ತು. ಅಲ್ಲಿಂದ ಮುಂದೆ ತಿಂಗಳಲ್ಲಿ ಅರ್ಧ ಸೊಕ್ಕೆ, ಅರ್ಧ ನ್ಯಾಮತಿ. ನ್ಯಾಮತಿಯಲ್ಲಿದ್ದಾಗ ಹೂತುಹೋದವರನ್ನು ಒಬ್ಬೊಬ್ಬರಾಗಿ ಗುಡ್ಡದೊಳಗಿಂದ ಎತ್ತಿ ಮೇಲೆ ಕೂರಿಸಿದರು. ಈ ಸಲ ಅವಸರವಿರಲಿಲ್ಲ. ಮೊದಲು ನೆಲದ ಮೇಲೆ ಇಳಿಯುತ್ತಿದ್ದರು, ಸುತ್ತಲೂ ನೋಡುತ್ತಿದ್ದರು, ಗುರುತು ಹಾಕುವುದು ಆಮೇಲೆ. ಈಗಲಾದರೂ ತಮ್ಮನಿಗೊಂದು ಹೊಲ ಹಾಕೋಣವಾ ಎಂದೆ. ಬೇರೆ ಯಾಕೆ, ಸೊಕ್ಕೆ ಇದೆಯಲ್ಲ, ಇಬ್ಬರಿಗೂ ಅದೇ ಎಂದರು. ಅವರು ತೀರಿಕೊಂಡದ್ದು ಸೊಕ್ಕೆಯಲ್ಲೇ, ತಮ್ಮನ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು.

ಮೊನ್ನೆ ಆ ತಮ್ಮ ಅತ್ತಿಗೆಯ ಕಾಗದಪತ್ರದ ಕೆಲಸಕ್ಕೆಂದು ನ್ಯಾಮತಿಗೆ ಬಂದವರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಅಣ್ಣನದೇ ಮೂಗು, ಅಣ್ಣನ ಬಾಯಿಲ್ಲ. ಜೆರಾಕ್ಸ್ ಆದಮೇಲೆ, ನಿಮ್ಮ ಹತ್ತಿರ ಒಂದು ಸೊಕ್ಕೆ ಇದೆಯಂತೆ, ತೋರಿಸ್ರಿ ಎಂದರು. ತೋರಿಸಿದೆ. ತಗ್ಗಿನ ತಳದಲ್ಲಿ ನೌಕೆ ನಿಂತಿತ್ತು. ಬಹಳ ಹೊತ್ತು ನೋಡಿ, ಬಂಡಿ ದಾರಿ ಬಿಟ್ಟಿದ್ದಾನಾ ಎಂದು ಕೇಳಿದರು. ದಾರಿಗೇನೂ ಕಡಿಮೆ ಇಲ್ಲ ಎಂದೆ.

ಅವತ್ತು ಅಣ್ಣ ಬಂದಾಗ ಏನಾಯಿತು ಎಂದು ನಾನೇ ಕೇಳಿದೆ. ಹೇಳಿದರು. ಸಾಹೇಬರ ಕೈಯಲ್ಲಿ ಸರಪಳಿ ಇರಲಿಲ್ಲ, ನಕ್ಷೆ ಇರಲಿಲ್ಲ. ಅಪ್ಪ ಗಡಿ ಸಾಲು ಎಲ್ಲಿ ಉಳುತ್ತಿದ್ದ, ನಡೆದು ತೋರಿಸು ಎಂದರಂತೆ. ತಮ್ಮ ಮುಂದೆ ನಡೆದರು, ಅಣ್ಣ ಹಿಂದೆ ನಡೆದರು. ಮರ ದಾಟಿ ಹೋದರೂ ತಕರಾರು ತೆಗೆಯಲಿಲ್ಲವಂತೆ. ಹೊಲದ ಕೊನೆ ಮುಟ್ಟಿದ ಮೇಲೆ, ಊಟಕ್ಕೆ ಏನು ಮಾಡಿದ್ದೀರಿ ಎಂದರಂತೆ.

ಮಣ್ಣು ಮಾಡಿದ್ದು ಎಲ್ಲಿ ಎಂದೆ.

"ಆ ಬೇವಿನ ಮರದ ಬುಡದಾಗೆ" ಎಂದರು. "ತಲೆದೆಸೆಗೆ ಒಂದು ಕಲ್ಲು ಬೇಕಲ್ಲ. ಹಿತ್ತಲಾಗಿಂದ ಅದನ್ನೇ ಹೊತ್ಕೊಂಡು ಬಂದೆ. ಅವನು ಎಲ್ಲಿ ನೆಟ್ಟಿದ್ನೋ ಅಲ್ಲೇ ನೆಟ್ಟೀನಿ, ಅದೇ ಗುಂಡ್ಯಾಗೆ. ಇನ್ನ ಅದನ್ನ ಯಾರು ಕೀಳ್ತಾರೆ."

ಕಣ್ಣೊರೆಸಿಕೊಂಡು, ಜೆರಾಕ್ಸ್ ಹಾಳೆಗಳನ್ನು ಮೇಜಿಗೆ ಕುಟ್ಟಿ ನೆಟ್ಟಗೆ ಮಾಡಿ, ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಒಂದು ಮಾತು ಸೇರಿಸಿದರು.

"ನಮ್ಮನಿಯಾಕಿ ಮಾತ್ರ ದಿನಾ ಬೈತಾಳೆ ನೋಡ್ರಿ. ಅಂಥಾ ನುಣುಪು ಕಲ್ಲು ಮತ್ತೆಲ್ಲಿ ಸಿಗತೈತೆ ಅಂತ."